ಇಬ್ಬರು ಗಂಡಸರು ಕೈ ಹಿಡಿದರೆ ನೋಡುವವರಿಗೇಕೆ ಮುಜುಗರ?

2022ರ ಸೆಪ್ಟೆಂಬರ್ 23ರ ರಾತ್ರಿ. ಲಂಡನ್ನಿನ ಕ್ರೀಡಾಂಗಣವೊಂದರಲ್ಲಿ ಟೆನಿಸ್ ಆಟಗಾರ ರೋಜರ್ ಫೆಡರರ್ ಆಗಷ್ಟೇ ತಮ್ಮ ಕೊನೆಯ ಪಂದ್ಯ ಮುಗಿಸಿದ್ದರು. ಪಕ್ಕದಲ್ಲಿ ರಫೇಲ್ ನಡಾಲ್ ಕೂತಿದ್ದರು. 40 ಸಲ ಎದುರಾಳಿಗಳಾಗಿ ಸೆಣಸಿದವರು ಅವತ್ತು ಜೋಡಿಯಾಗಿ ಆಡಿ ಸೋತಿದ್ದರು. ಇಬ್ಬರೂ ಅಳುತ್ತಿದ್ದರು. ಯಾವುದೋ ಒಂದು ಗಳಿಗೆಯಲ್ಲಿ ಫೆಡರರ್ ನಡಾಲ್ ಅವರ ಕೈ ಹಿಡಿದುಕೊಂಡರು.

ಆ ಫೋಟೋ ಜಗತ್ತೆಲ್ಲ ಓಡಾಡಿತು. ತಾವು ಕಂಡ ಅತ್ಯಂತ ಚೆಂದದ ಕ್ರೀಡಾ ಚಿತ್ರ ಇದೇ ಎಂದು ವಿರಾಟ್ ಕೊಹ್ಲಿ ಬರೆದುಕೊಂಡರು. ನೋಡಿದ ಎಷ್ಟೋ ಜನರ ಕಣ್ಣು ತುಂಬಿತು.

ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ಒಬ್ಬ ಗೆಳೆಯ ಇನ್ನೊಬ್ಬ ಗೆಳೆಯನ ಕೈ ಹಿಡಿದದ್ದು ಇಷ್ಟು ದೊಡ್ಡ ಸಂಗತಿ ಆಗಿದ್ದೇಕೆ? ಇಬ್ಬರು ಆಟಗಾರ್ತಿಯರು ಹೀಗೇ ಕೈ ಹಿಡಿದು ಅತ್ತಿದ್ದರೆ ಮನಸ್ಸು ಕರಗುತ್ತಿತ್ತು, ಆದರೆ ಯಾರಿಗೂ ಅಚ್ಚರಿ ಆಗುತ್ತಿರಲಿಲ್ಲ. ಗಂಡಸರ ವಿಷಯದಲ್ಲಿ ಮಾತ್ರ ಈ ಅಚ್ಚರಿ ಎಲ್ಲಿಂದ ಬಂತು ಅಂತ ಬುಡದಿಂದ ನೋಡೋಣ.

ಗಂಡು ಬೇರೆ, ಗಂಡಸ್ತನ ಬೇರೆ

ಮೊದಲು ಎರಡು ಪದಗಳನ್ನು ಬಿಡಿಸಿಕೊಳ್ಳಬೇಕು. ಗಂಡು ಅನ್ನುವುದು ಮೈಗೆ ಸಂಬಂಧಿಸಿದ್ದು. ಗಂಡಸ್ತನ ಅನ್ನುವುದು ಆ ಮೈ ಹೊತ್ತವನು ಹೇಗೆ ನಡೆಯಬೇಕು, ಹೇಗೆ ಮಾತಾಡಬೇಕು, ಯಾವಾಗ ಅಳಬಾರದು ಎಂಬ ನಿರೀಕ್ಷೆಗಳ ಮೂಟೆ. ಮೈ ಹುಟ್ಟಿನಿಂದ ಬರುತ್ತದೆ. ಮೂಟೆಯನ್ನು ಆಮೇಲೆ ಸುತ್ತಲಿನವರು ಒಂದೊಂದಾಗಿ ತುಂಬುತ್ತಾರೆ. "ಗಂಡುಹುಡುಗ ಆಗಿ ಅಳ್ತೀಯಾ?" ಅನ್ನುವುದು ಆ ಮೂಟೆಗೆ ಬೀಳುವ ಮೊದಲ ಕಲ್ಲು.

ನಮ್ಮ ಗಾದೆಯೊಂದಿದೆಯಲ್ಲ, ನಗುವ ಹೆಂಗಸನ್ನೂ ಅಳುವ ಗಂಡಸನ್ನೂ ನಂಬಬಾರದು ಅಂತ. ಒಂದೇ ಸಾಲಿನಲ್ಲಿ ಇಬ್ಬರಿಗೂ ಬೀಗ ಹಾಕಿದೆ. ಅವಳು ಸಂತೋಷ ತೋರಿಸುವಂತಿಲ್ಲ, ಇವನು ಸಂಕಟ ತೋರಿಸುವಂತಿಲ್ಲ.

1976ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಬ್ರಾನನ್ ಈ ನಿರೀಕ್ಷೆಗಳನ್ನು ನಾಲ್ಕು ನಿಯಮಗಳಾಗಿ ವಿಂಗಡಿಸಿದರು. ಗೆಲ್ಲಬೇಕು, ಗಟ್ಟಿಯಾಗಿರಬೇಕು, ಯಾವುದಕ್ಕೂ ಹೆದರದೆ ಮುನ್ನುಗ್ಗಬೇಕು ಎಂಬ ಮೂರು ನಿಯಮಗಳು ಸುಲಭವಾಗಿ ಅರ್ಥವಾಗುತ್ತವೆ. ನಾಲ್ಕನೆಯದನ್ನು ಅವರು ಎಲ್ಲಕ್ಕಿಂತ ಮೊದಲು ಇಟ್ಟಿದ್ದರು: ಹೆಣ್ಣಿಗೆ ಸೇರಿದ್ದು ಅನ್ನಿಸುವ ಯಾವುದನ್ನೂ ಹತ್ತಿರ ಬಿಟ್ಟುಕೊಳ್ಳಬಾರದು. ಮೃದು ಮಾತು, ಕಣ್ಣೀರು, ಅಪ್ಪುಗೆ ಎಲ್ಲವೂ ಈ ಪಟ್ಟಿಗೆ ಸೇರಿಹೋದವು. ಅಂದರೆ ಗಂಡಸರ ನಡುವಿನ ಅಕ್ಕರೆಗೆ ಬಿದ್ದ ತಡೆಯ ಬೇರು, ಹೆಣ್ಣನ್ನು ಕೀಳಾಗಿ ಕಾಣುವುದರಲ್ಲೇ ಇದೆ. ಇದನ್ನು ಬಿಟ್ಟು ಮುಂದೆ ಹೋದರೆ ಉಳಿದದ್ದು ಅರ್ಥವಾಗುವುದಿಲ್ಲ.

ಗಳಿಸಿದ ಮೇಲೂ ಕೈ ಜಾರುವ ಪಟ್ಟ

ಜೋಸೆಫ್ ವ್ಯಾಂಡೆಲೋ ಮತ್ತು ಜೆನಿಫರ್ ಬಾಸನ್ ಎಂಬ ಮನಶ್ಶಾಸ್ತ್ರಜ್ಞರು 2008ರಲ್ಲಿ ಒಂದು ವಿಚಾರ ಮುಂದಿಟ್ಟರು. ಹುಡುಗಿ ಬೆಳೆದು ಹೆಂಗಸಾಗುವುದನ್ನು ಜನ ಮೈಯ ಸಹಜ ಬದಲಾವಣೆ ಎಂದುಕೊಳ್ಳುತ್ತಾರೆ. ಹುಡುಗ ಗಂಡಸಾಗುವುದನ್ನು ಮಾತ್ರ ಗಳಿಸಬೇಕಾದ ಪಟ್ಟ ಎಂದುಕೊಳ್ಳುತ್ತಾರೆ. ಗಳಿಸಿದ್ದು ಕಳೆದೂ ಹೋಗಬಹುದು. "ನೀನು ಗಂಡಸೇ ಅಲ್ಲ" ಎಂಬ ಬೈಗುಳ ಕೇಳಿರುತ್ತೀರಿ. "ನೀನು ಹೆಂಗಸೇ ಅಲ್ಲ" ಎಂಬುದು ಅಷ್ಟಾಗಿ ಕಿವಿಗೆ ಬಿದ್ದಿರುವುದಿಲ್ಲ, ಅಲ್ವಾ?

ಮರುವರ್ಷ ಅವರು ಪ್ರಕಟಿಸಿದ ಪ್ರಯೋಗ ಇನ್ನೂ ಸ್ವಾರಸ್ಯಕರ. ಕೆಲವು ಯುವಕರಿಗೆ ಗೊಂಬೆ ತಲೆಯ ಕೂದಲಿಗೆ ಜಡೆ ಹೆಣೆಯಲು ಹೇಳಿದರು. ಇನ್ನು ಕೆಲವರಿಗೆ ಹಗ್ಗ ಹೆಣೆಯಲು ಹೇಳಿದರು. ಕೈಗೆ ಕೆಲಸ ಒಂದೇ, ಹೆಸರು ಮಾತ್ರ ಬೇರೆ. ಆಮೇಲೆ ಒಗಟು ಬಿಡಿಸುತ್ತೀರಾ, ಚೀಲಕ್ಕೆ ಗುದ್ದುತ್ತೀರಾ ಎಂದು ಕೇಳಿದರು. ಜಡೆ ಹೆಣೆದವರಲ್ಲಿ ಗುದ್ದುವುದನ್ನು ಆರಿಸಿಕೊಂಡವರು ಜಾಸ್ತಿ. ಕೆಲವೇ ನಿಮಿಷ ಹೆಣ್ಣಿನ ಕೆಲಸ ಮಾಡಿದ್ದಕ್ಕೆ ಪಟ್ಟ ಅಲುಗಾಡಿದಂತೆ ಅನ್ನಿಸಿತು. ಅದನ್ನು ಮತ್ತೆ ಭದ್ರ ಮಾಡಿಕೊಳ್ಳಲು ಮುಷ್ಟಿ ಬೇಕಾಯಿತು.

ಗೆಳೆಯನನ್ನು ಅಪ್ಪಿಕೊಂಡಾಗ ಅವನ ಬೆನ್ನಿಗೆ ದಪದಪ ಬಡಿಯುವುದನ್ನು ನೆನಪಿಸಿಕೊಳ್ಳಿ. ಒಂದು ಕೈ ಕೈಕುಲುಕುತ್ತಾ ಇಬ್ಬರ ಎದೆಯ ನಡುವೆ ಅಡ್ಡ ಇರುತ್ತದೆ. ಇನ್ನೊಂದು ಕೈ ಬೆನ್ನಿಗೆ ಎರಡು ಮೂರು ಏಟು ಹಾಕುತ್ತದೆ. ಆಮೇಲೆ ಇಬ್ಬರೂ ಸರಕ್ಕನೆ ಹಿಂದೆ ಸರಿಯುತ್ತಾರೆ. ಅಪ್ಪುಗೆಯಲ್ಲಿರುವ ಮೆತ್ತಗಿನ ಭಾಗವನ್ನು ಆ ಏಟು ಮುಚ್ಚುತ್ತದೆ.

ಮೊದಲು ಹೀಗಿರಲಿಲ್ಲ

1837ರಲ್ಲಿ ಅಬ್ರಹಾಂ ಲಿಂಕನ್ ವಕೀಲಿಕೆ ಮಾಡಲು ಸ್ಪ್ರಿಂಗ್‌ಫೀಲ್ಡ್ ಪಟ್ಟಣಕ್ಕೆ ಬಂದರು. ಹಾಸಿಗೆ ಕೊಳ್ಳಲೂ ಕೈಯಲ್ಲಿ ಹಣವಿರಲಿಲ್ಲ. ಅಂಗಡಿ ನಡೆಸುತ್ತಿದ್ದ ಜೋಶುವಾ ಸ್ಪೀಡ್ ಎಂಬ ಯುವಕ, ಮಹಡಿಯ ಮೇಲೆ ತನ್ನದೇ ದೊಡ್ಡ ಹಾಸಿಗೆ ಇದೆ, ಹಂಚಿಕೊಳ್ಳೋಣ ಎಂದ. ಸುಮಾರು ನಾಲ್ಕು ವರ್ಷ ಇಬ್ಬರೂ ಒಂದೇ ಹಾಸಿಗೆಯಲ್ಲಿ ಮಲಗಿದರು. ಆಮೇಲೆ ದೂರವಾದಾಗ ಒಬ್ಬರಿಗೊಬ್ಬರು ಆಪ್ತವಾಗಿ ಕಾಗದ ಬರೆದುಕೊಂಡರು. ಅವರ ನಡುವಿನ ನಂಟು ಯಾವ ಬಗೆಯದು ಎಂದು ಇವತ್ತಿನ ಇತಿಹಾಸಕಾರರು ಚರ್ಚೆ ಮಾಡುತ್ತಾರೆ. ಅವತ್ತಿನವರಿಗೆ ಅದು ಚರ್ಚೆಯ ವಿಷಯವೇ ಆಗಿರಲಿಲ್ಲ. ಗಂಡಸರು ಹಾಸಿಗೆ ಹಂಚಿಕೊಳ್ಳುವುದು ಆಗ ತೀರಾ ಮಾಮೂಲಿ.

ಆ ಶತಮಾನದ ಅಮೆರಿಕದ ಸ್ಟುಡಿಯೋ ಫೋಟೋಗಳನ್ನು ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಮೀಸೆ ಹೊತ್ತ, ಕೋಟು ತೊಟ್ಟ ಗಂಡಸರು ಒಬ್ಬರ ತೊಡೆಯ ಮೇಲೊಬ್ಬರು ಕೂತಿದ್ದಾರೆ. ಬೆರಳಿಗೆ ಬೆರಳು ಹೆಣೆದಿದ್ದಾರೆ, ಕೆನ್ನೆಗೆ ಕೆನ್ನೆ ತಾಗಿಸಿದ್ದಾರೆ. ಗುಟ್ಟಾಗಿ ತೆಗೆದ ಚಿತ್ರಗಳಲ್ಲ ಇವು. ಹಣ ಕೊಟ್ಟು, ಒಳ್ಳೆಯ ಬಟ್ಟೆ ಹಾಕಿಕೊಂಡು ಹೋಗಿ ತೆಗೆಸಿಕೊಂಡವು. ಇಪ್ಪತ್ತನೇ ಶತಮಾನದ ಫೋಟೋಗಳಿಗೆ ಬಂದರೆ ಮೈಗಳ ನಡುವೆ ಅಂತರ ಹುಟ್ಟುತ್ತದೆ. ಕೈಗಳು ಜೇಬಿಗೆ ಹೋಗುತ್ತವೆ.

ಹೆಸರು ಬಂತು, ಜೊತೆಗೆ ಭಯ ಬಂತು

ನಡುವೆ ಏನಾಯಿತು? ಉತ್ತರದ ದೊಡ್ಡ ಭಾಗ ಒಂದು ಪದದಲ್ಲಿದೆ.

ಯುರೋಪಿನ ಹಳೆಯ ಕಾನೂನುಗಳು ಕೆಲವು ಲೈಂಗಿಕ ಕ್ರಿಯೆಗಳನ್ನು ಶಿಕ್ಷಿಸುತ್ತಿದ್ದವು, ಕೆಲವು ಸಲ ಮರಣದಂಡನೆ ಕೊಟ್ಟೂ ಶಿಕ್ಷಿಸುತ್ತಿದ್ದವು. ಆದರೆ ಅವರ ಕಣ್ಣಿಗೆ ಅದು ಯಾರಾದರೂ ಮಾಡಬಹುದಾದ ತಪ್ಪಾಗಿತ್ತು. ಅದನ್ನು ಮಾಡುವ ಬೇರೆಯದೇ ಬಗೆಯ ಮನುಷ್ಯರಿದ್ದಾರೆ ಎಂಬ ಕಲ್ಪನೆ ಗಟ್ಟಿಯಾಗಿರಲಿಲ್ಲ. 1869ರಲ್ಲಿ ಕಾರ್ಲ್ ಮರಿಯಾ ಕೆರ್ಟ್‌ಬೆನಿ ಎಂಬ ಬರಹಗಾರ ಹೋಮೋಸೆಕ್ಶುವಲ್, ಅಂದರೆ ಸಲಿಂಗಪ್ರೇಮಿ, ಎಂಬ ಪದವನ್ನು ಮೊದಲ ಸಲ ಅಚ್ಚು ಮಾಡಿಸಿದರು. ಅವರ ಉದ್ದೇಶ ಒಳ್ಳೆಯದಿತ್ತು. ಆಗಿನ ಜರ್ಮನ್ ರಾಜ್ಯ ಪ್ರಷ್ಯಾದ ಕಾನೂನು ಇಂಥವರನ್ನು ಶಿಕ್ಷಿಸಬಾರದು ಎಂದು ವಾದಿಸಲು ಅವರಿಗೊಂದು ಪದ ಬೇಕಿತ್ತು. ಆದರೆ ಆ ಪದವನ್ನು ವೈದ್ಯರು ಎತ್ತಿಕೊಂಡು ರೋಗದ ಹೆಸರು ಮಾಡಿದರು. ಕಳಂಕ ಅದಕ್ಕೆ ಅಂಟಿಕೊಂಡಿತು.

ಬ್ರಿಟನ್ನಿನಲ್ಲಿ 1885ರಲ್ಲಿ ಗಂಡಸರ ನಡುವಿನ 'ಘೋರ ಅಸಭ್ಯತೆ'ಯನ್ನು ಅಪರಾಧ ಮಾಡಿದರು. ಹಾಗೆಂದರೆ ಏನು ಎಂದು ಕಾನೂನು ಬಿಡಿಸಿ ಹೇಳಲಿಲ್ಲ. ಏನು ಬೇಕಾದರೂ ಅದರೊಳಗೆ ಬೀಳಬಹುದಿತ್ತು. ಹತ್ತು ವರ್ಷಕ್ಕೆ, 1895ರಲ್ಲಿ, ಲೇಖಕ ಆಸ್ಕರ್ ವೈಲ್ಡ್ ಅದೇ ಕಾನೂನಿನಡಿ ಎರಡು ವರ್ಷದ ಕಠಿಣ ಸಜೆಗೆ ಗುರಿಯಾದರು. ಅವರು ಯುವಕನೊಬ್ಬನಿಗೆ ಬರೆದ ಒಲವಿನ ಪತ್ರವನ್ನು ನ್ಯಾಯಾಲಯದಲ್ಲಿ ಎಲ್ಲರೆದುರು ಓದಲಾಯಿತು. ಪತ್ರಿಕೆಗಳು ಎಲ್ಲವನ್ನೂ ದೂರದೂರಕ್ಕೆ ಮುಟ್ಟಿಸಿದವು. ಗಂಡಸೊಬ್ಬ ಗೆಳೆಯನಿಗೆ ಬರೆದ ಕಾಗದ ಸಾಕ್ಷ್ಯವಾಗಬಹುದು ಎಂದು ಗೊತ್ತಾದ ಮೇಲೆ, ಕಾಗದ ಬರೆಯುವ ಕೈ ಹಿಂಜರಿಯದೆ ಇದ್ದೀತೇ?

ಭಾರತಕ್ಕೂ ಬ್ರಿಟಿಷರೇ ಇಂಥ ಕಾನೂನು ತಂದರು. 1860ರ ದಂಡಸಂಹಿತೆಯ 377ನೇ ಕಲಂ ಅದು. ವಯಸ್ಕರು ಒಪ್ಪಿ ಇಟ್ಟುಕೊಳ್ಳುವ ಸಂಬಂಧ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2018ರ ಸೆಪ್ಟೆಂಬರ್ 6ರಂದು. ಅಮೆರಿಕದ ಮನೋವೈದ್ಯರ ಸಂಘ ಸಲಿಂಗಪ್ರೇಮವನ್ನು ರೋಗಗಳ ಪಟ್ಟಿಯಿಂದ ತೆಗೆದದ್ದು 1973ರಲ್ಲಿ. ವಿಶ್ವ ಆರೋಗ್ಯ ಸಂಸ್ಥೆ ತೆಗೆದದ್ದು 1990ರಲ್ಲಿ.

ಅನುಮಾನ ಹುಟ್ಟುವುದು ಹೇಗೆ

ಇಲ್ಲೊಂದು ಗೊಂದಲ ಏಳುತ್ತದೆ. ಅರಬ್ ದೇಶಗಳಲ್ಲಿ, ಆಫ್ರಿಕಾ ಮತ್ತು ದಕ್ಷಿಣ ಏಷ್ಯಾದ ಎಷ್ಟೋ ಕಡೆ ಗೆಳೆಯರು ಕೈ ಹಿಡಿದು ನಡೆಯುತ್ತಾರೆ. ಅವುಗಳಲ್ಲಿ ಹಲವು ದೇಶಗಳ ಕಾನೂನು ಸಲಿಂಗಪ್ರೇಮಿಗಳ ಮೇಲೆ ಕಠೋರವಾಗಿದೆ. ಹಾಗಾದರೆ ಭಯ ಜಾಸ್ತಿ ಇದ್ದಲ್ಲಿ ಸ್ಪರ್ಶ ಕಡಿಮೆ ಇರಬೇಕಲ್ಲ?

ಸಮಾಜಶಾಸ್ತ್ರಜ್ಞ ಎರಿಕ್ ಆಂಡರ್ಸನ್ ಇದನ್ನು ಬಿಡಿಸಲು ಒಂದು ದಾರಿ ತೋರಿಸುತ್ತಾರೆ. ಅವರ ಪ್ರಕಾರ ಎರಡು ಸಂಗತಿಗಳನ್ನು ಒಟ್ಟಿಗೆ ಇಟ್ಟು ನೋಡಬೇಕು. ಸಲಿಂಗಪ್ರೇಮವನ್ನು ಸಮಾಜ ಎಷ್ಟು ದ್ವೇಷಿಸುತ್ತದೆ ಎನ್ನುವುದು ಒಂದು. 'ನಮ್ಮ ನಡುವೆಯೇ ಯಾರಾದರೂ ಹಾಗಿರಬಹುದು' ಎಂದು ಜನ ಎಷ್ಟು ನಂಬುತ್ತಾರೆ ಎನ್ನುವುದು ಇನ್ನೊಂದು.

ಊರಿನಲ್ಲಿ ಕಳ್ಳರೇ ಇಲ್ಲ ಎಂದು ನಂಬಿದ ಜನ ಬಾಗಿಲು ತೆರೆದು ಮಲಗುತ್ತಾರೆ. ಕಳ್ಳರಿದ್ದಾರೆ, ಯಾರೆಂದು ಗೊತ್ತಿಲ್ಲ ಎಂದಾದ ದಿನ ಪಕ್ಕದ ಮನೆಯವನ ಮೇಲೂ ಕಣ್ಣಿಡುತ್ತಾರೆ. ಸಲಿಂಗಪ್ರೇಮಕ್ಕೂ ಕಳ್ಳತನಕ್ಕೂ ಯಾವ ಹೋಲಿಕೆಯೂ ಇಲ್ಲ. ನಾನು ಹೇಳುತ್ತಿರುವುದು ಅನುಮಾನ ಕೆಲಸ ಮಾಡುವ ಬಗೆಯನ್ನು ಮಾತ್ರ.

'ಇಲ್ಲಿ ಅಂಥವರು ಯಾರೂ ಇಲ್ಲ' ಎಂದು ನಂಬಿದ ಕಡೆ ದ್ವೇಷ ಎಷ್ಟೇ ಇದ್ದರೂ ಕೈ ಹಿಡಿಯುವುದಕ್ಕೆ ಅಡ್ಡಿಯಿಲ್ಲ. ಯಾರಿಗೂ ಬೇರೆ ಅರ್ಥ ಹೊಳೆಯುವುದೇ ಇಲ್ಲ. ದ್ವೇಷವೂ ಇದ್ದು, 'ಯಾರಾದರೂ ಆಗಿರಬಹುದು' ಎಂಬ ಅರಿವೂ ಬಂದಾಗ ಅನುಮಾನ ನೆತ್ತಿಗೇರುತ್ತದೆ. ಆಗ ಪ್ರತಿಯೊಬ್ಬ ಗಂಡಸೂ 'ನಾನು ಅದಲ್ಲ' ಎಂದು ದಿನವೂ ತೋರಿಸುತ್ತಾ ಇರಬೇಕಾಗುತ್ತದೆ. ದೂರ ನಿಲ್ಲುವುದು ಅದಕ್ಕಿರುವ ಸುಲಭದ ದಾರಿ. ಮೂರನೇ ಹಂತವೂ ಇದೆ. ಅರಿವಿದೆ, ದ್ವೇಷ ಇಳಿದಿದೆ. ಆಗ ಯಾರು ಏನೆಂದುಕೊಂಡರೂ ಕಳೆದುಕೊಳ್ಳುವುದು ಏನೂ ಇಲ್ಲ, ಹಾಗಾಗಿ ಕೈಗಳು ಮತ್ತೆ ಹತ್ತಿರ ಬರುತ್ತವೆ.

ಆಂಡರ್ಸನ್ ಮತ್ತು ಜೊತೆಗಾರರು ಬ್ರಿಟನ್ನಿನ ವಿದ್ಯಾರ್ಥಿಗಳನ್ನು ಮಾತಾಡಿಸಿದಾಗ ಕಂಡದ್ದು ಈ ಮೂರನೇ ಹಂತವನ್ನು. ಹೆಣ್ಣನ್ನೇ ಇಷ್ಟಪಡುವ 145 ಯುವಕರಲ್ಲಿ ಶೇ. 89ರಷ್ಟು ಮಂದಿ ಒಮ್ಮೆಯಾದರೂ ಗೆಳೆಯನ ತುಟಿಗೆ ಮುತ್ತು ಕೊಟ್ಟಿದ್ದೇವೆ ಎಂದರು. ಬಹಳ ಮಂದಿಗೆ ಅದು ಸಂಭ್ರಮದ, ಸಲುಗೆಯ ಮುತ್ತು, ಅಷ್ಟೇ. ಇವರು ಓದುತ್ತಿದ್ದ ಹುಡುಗರು, ಇಡೀ ದೇಶದ ಮಾತಲ್ಲ ಎನ್ನುವುದೂ ನೆನಪಿರಲಿ.

ಹೀಗೆ ನೋಡಿದಾಗ ಒಂದು ವಿಷಯ ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ. ಸಲಿಂಗಪ್ರೇಮಿಗಳ ಮೇಲಿನ ದ್ವೇಷ ಅವರಿಗೆ ಮಾತ್ರ ತಟ್ಟುವುದಿಲ್ಲ. ಪೆಟ್ಟಿನ ಹೆಚ್ಚಿನ ಪಾಲು ತಿನ್ನುವವರು ಅವರೇ, ಕೆಲಸ ಕಳೆದುಕೊಳ್ಳುವವರು, ಹೊಡೆತ ತಿನ್ನುವವರು ಅವರೇ. ಆದರೆ ಅದೇ ದ್ವೇಷ ಅಣ್ಣ ತಮ್ಮಂದಿರ ನಡುವೆ, ಅಪ್ಪ ಮಗನ ನಡುವೆ, ಬಾಲ್ಯದ ಗೆಳೆಯರ ನಡುವೆಯೂ ಗೋಡೆ ಕಟ್ಟುತ್ತದೆ.

ಒಂದೇ ಸನ್ನೆ, ಬೇರೆ ಬೇರೆ ಅರ್ಥ

2005ರ ಏಪ್ರಿಲ್‌ನಲ್ಲಿ ಅಮೆರಿಕದ ಅಧ್ಯಕ್ಷ ಜಾರ್ಜ್ ಬುಷ್ ಟೆಕ್ಸಸ್‌ನ ತಮ್ಮ ಮನೆಯಲ್ಲಿ ಸೌದಿ ಯುವರಾಜ ಅಬ್ದುಲ್ಲಾ ಅವರ ಕೈ ಹಿಡಿದು ನಡೆದರು. ಸೌದಿಯವರಿಗೆ ಅದು ಗೌರವ. ಅಮೆರಿಕದ ಟಿವಿಗಳಿಗೆ ಅದು ದಿನಗಟ್ಟಲೆ ಚರ್ಚೆಯ ವಸ್ತು. 1979ರಲ್ಲಿ ಸೋವಿಯತ್ ನಾಯಕ ಬ್ರೆಝ್ನೆವ್ ಪೂರ್ವ ಜರ್ಮನಿಯ ಹೊನೆಕರ್ ಅವರ ತುಟಿಗೆ ಮುತ್ತಿಟ್ಟಾಗ, ಅವರ ಪದ್ಧತಿಯಲ್ಲಿ ಅದು ಒಡನಾಡಿಗಳ ಸ್ವಾಗತವಾಗಿತ್ತು.

ಸಿಡ್ನಿ ಜೂರಾರ್ಡ್ ಎಂಬ ಮನಶ್ಶಾಸ್ತ್ರಜ್ಞ 1960ರ ದಶಕದಲ್ಲಿ ಕಾಫಿ ಅಂಗಡಿಗಳಲ್ಲಿ ಕೂತು, ಜೊತೆಗೆ ಬಂದವರು ಗಂಟೆಗೆ ಎಷ್ಟು ಸಲ ಒಬ್ಬರನ್ನೊಬ್ಬರು ಮುಟ್ಟುತ್ತಾರೆ ಎಂದು ಎಣಿಸಿದರು. ಗಂಡಸರು ಹೆಂಗಸರು ಎಲ್ಲರೂ ಆ ಎಣಿಕೆಯಲ್ಲಿದ್ದರು. ಪೋರ್ಟೊ ರಿಕೋದ ಸ್ಯಾನ್ ವಾನ್‌ನಲ್ಲಿ 180 ಸಲ. ಪ್ಯಾರಿಸ್‌ನಲ್ಲಿ 110. ಫ್ಲಾರಿಡಾದ ಗೇನ್ಸ್‌ವಿಲ್‌ನಲ್ಲಿ 2. ಲಂಡನ್‌ನಲ್ಲಿ ಸೊನ್ನೆ. ಮನುಷ್ಯರ ಮೈ ಎಲ್ಲ ಕಡೆಯೂ ಒಂದೇ, ರೂಢಿ ಮಾತ್ರ ಬೇರೆ.

ಹುಡುಗರು ಕೈ ಬಿಡುವ ವಯಸ್ಸು

ಆರು ವರ್ಷದ ಗಂಡುಮಕ್ಕಳು ಹೆಗಲಿಗೆ ಕೈ ಹಾಕಿಕೊಂಡು ಓಡಾಡುತ್ತಾರೆ. ಹದಿನಾರರ ಹೊತ್ತಿಗೆ ಅದು ನಿಂತಿರುತ್ತದೆ. ಯಾವಾಗ ನಿಂತಿತು?

ಅಮೆರಿಕದ ಮನಶ್ಶಾಸ್ತ್ರಜ್ಞೆ ನಯೋಬಿ ವೇ ಹುಡುಗರನ್ನು ವರ್ಷಗಟ್ಟಲೆ ಮತ್ತೆ ಮತ್ತೆ ಭೇಟಿ ಮಾಡಿ ಮಾತಾಡಿಸಿದರು. ಹದಿಹರೆಯ ಶುರುವಾಗುವ ಹೊತ್ತಿನಲ್ಲಿ ಅವರು ಗೆಳೆಯರ ಬಗ್ಗೆ ಬಾಯ್ತುಂಬ ಅಕ್ಕರೆಯಿಂದ ಹೇಳುತ್ತಿದ್ದರು. ಗುಟ್ಟು ಹಂಚಿಕೊಳ್ಳಲು ಅವನೇ ಬೇಕು, ಅವನಿಲ್ಲದಿದ್ದರೆ ತಲೆ ಕೆಡುತ್ತದೆ ಎನ್ನುವಂಥ ಮಾತುಗಳು. ಹದಿನಾರು ಹದಿನೇಳರ ಹೊತ್ತಿಗೆ ಅದೇ ಹುಡುಗರ ದನಿ ಬದಲಾಗಿತ್ತು. ಗೆಳೆಯ ದೂರವಾದ, ಈಗ ಯಾರ ಹತ್ತಿರವೂ ಹಾಗೆ ಹೇಳಿಕೊಳ್ಳುವುದಿಲ್ಲ, ಅದೆಲ್ಲ ಹುಡುಗಿಯರ ಥರ ಎನ್ನುತ್ತಿದ್ದರು. ಹುಡುಗರಿಗೆ ಆಪ್ತತೆ ಬೇಕಾಗಿಲ್ಲ ಎಂಬ ಮಾತಿದೆಯಲ್ಲ, ಅದು ಸುಳ್ಳು. ಬೇಕು ಅಂತ ಹೇಳುವುದನ್ನು ಅವರು ಬಿಡುತ್ತಾರೆ.

ಮನೆಯಲ್ಲೂ ಹೀಗೇ. ಮಗನ ಮೇಲ್ದುಟಿಯ ಮೇಲೆ ಕೂದಲು ಚಿಗುರುವ ಹೊತ್ತಿಗೆ ಎಷ್ಟೋ ಅಪ್ಪಂದಿರು ಅವನನ್ನು ಎತ್ತುವುದು, ಅಪ್ಪುವುದು ನಿಲ್ಲಿಸಿರುತ್ತಾರೆ. ಯಾರೂ ಹಾಗೆಂದು ತೀರ್ಮಾನ ಮಾಡಿರುವುದಿಲ್ಲ. ಒಂದು ದಿನ ಅದು ಕೊನೆಯ ಸಲ ಆಗಿರುತ್ತದೆ, ಇಬ್ಬರಿಗೂ ಗೊತ್ತಿರುವುದಿಲ್ಲ.

ಮೈದಾನದಲ್ಲಿ ಮಾತ್ರ ರಿಯಾಯಿತಿ

ಗೋಲು ಹೊಡೆದವನ ಮೇಲೆ ಹತ್ತು ಮಂದಿ ಬೀಳುತ್ತಾರೆ. ತಲೆಗೆ ಮುತ್ತು, ಕುತ್ತಿಗೆಗೆ ತೋಳು. ಯಾರಿಗೂ ಮುಜುಗರವಿಲ್ಲ. ಸೈನಿಕರ ನಡುವೆಯೂ ಹಾಗೇ. ಕಾರಣ ಸರಳ. ಅಲ್ಲಿ ಗಂಡಸ್ತನ ಆಗಲೇ ಸಾಬೀತಾಗಿದೆ. ಪಟ್ಟ ಭದ್ರವಾಗಿರುವ ಕಡೆ ಅಕ್ಕರೆಗೆ ಅನುಮತಿ ಸಿಗುತ್ತದೆ. ಫೆಡರರ್ ಮತ್ತು ನಡಾಲ್ ಇಬ್ಬರಿಗೂ ಅಷ್ಟು ಸುಲಭವಾಗಿ ಮೆಚ್ಚುಗೆ ಸಿಕ್ಕಿದ್ದರಲ್ಲಿ ಇದರ ಪಾಲೂ ಇದೆ ಎಂದು ನನಗನ್ನಿಸುತ್ತದೆ. ಬಸ್ಸಿಗೆ ಕಾಯುತ್ತಿರುವ ಇಬ್ಬರು ಗುಮಾಸ್ತರಿಗೆ ಅದೇ ಮೆಚ್ಚುಗೆ ಸಿಗುವುದು ಕಷ್ಟ.

ಆಟಕ್ಕೆ ಇದರಿಂದ ಲಾಭವೂ ಇದೆ. ಅಮೆರಿಕದ ಎನ್‌ಬಿಎ ಬಾಸ್ಕೆಟ್‌ಬಾಲ್ ಲೀಗಿನ 2008-09ರ ಋತುವನ್ನು ಸಂಶೋಧಕರು ಗಮನಿಸಿದರು. ಋತುವಿನ ಆರಂಭದಲ್ಲಿ ಜಾಸ್ತಿ ಕೈ ತಟ್ಟಿದ, ಅಪ್ಪಿಕೊಂಡ ತಂಡಗಳು ಮುಂದೆ ಹೆಚ್ಚು ಚೆನ್ನಾಗಿ ಆಡಿದವು.

ಹಾರ್ಮೋನ್ ಕಾರಣ ಅಲ್ವಾ?

ಗಂಡಸರು ಹುಟ್ಟಾ ಹೀಗೆಯೇ, ಗಂಡಸರಲ್ಲಿ ಹೆಚ್ಚಾಗಿರುವ ಟೆಸ್ಟೋಸ್ಟೆರೋನ್ ಎಂಬ ಹಾರ್ಮೋನಿನ ಕೆಲಸ ಅದು ಎಂದು ಕೆಲವರು ಹೇಳುತ್ತಾರೆ. ಆದರೆ ಹಾರ್ಮೋನು ಕಲ್ಲಿನಲ್ಲಿ ಕೆತ್ತಿದ್ದಲ್ಲ. ಫಿಲಿಪೀನ್ಸ್‌ನಲ್ಲಿ 624 ಯುವಕರನ್ನು ವರ್ಷಗಳ ಕಾಲ ಗಮನಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನ ಹೀಗೆ ಹೇಳುತ್ತದೆ: ತಂದೆಯಾದವರಲ್ಲಿ ಟೆಸ್ಟೋಸ್ಟೆರೋನ್ ಇಳಿಯಿತು. ದಿನಕ್ಕೆ ಮೂರು ಗಂಟೆ ಅಥವಾ ಹೆಚ್ಚು ಹೊತ್ತು ಮಗುವನ್ನು ನೋಡಿಕೊಂಡವರಲ್ಲಿ ಅದು ಇನ್ನೂ ಕೆಳಗಿತ್ತು. ಗಂಡಸಿನ ಮೈ ಆರೈಕೆಗೆ ಒಗ್ಗಿಕೊಳ್ಳುತ್ತದೆ.

ಚರ್ಮದ ಕಥೆಯೂ ಅದೇ. ನಮ್ಮ ಕೂದಲಿರುವ ಚರ್ಮದಲ್ಲಿ ಸಿ-ಟ್ಯಾಕ್ಟೈಲ್ ಎಂಬ ನರತಂತುಗಳಿವೆ. ಚುಚ್ಚಿದರೆ, ಹೊಡೆದರೆ ಸುದ್ದಿ ಮುಟ್ಟಿಸುವುದು ಬೇರೆ ನರಗಳು. ಇವು ಕಾಯುವುದು ಮೆಲ್ಲನೆಯ ನೇವರಿಕೆಗೆ, ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್ ವೇಗದಲ್ಲಿ, ಮೈಯಷ್ಟೇ ಬೆಚ್ಚಗಿನ ಕೈಗೆ. ತಾಯಿ ಮಗುವಿನ ಬೆನ್ನು ಸವರುವ ವೇಗ ಅದು. ಈ ತಂತುಗಳು ಗಂಡಸರಲ್ಲೂ ಇವೆ.

ಬೆಲೆ ತೆರುವವರು

ಗಂಡಸರ ಗೆಳೆತನಕ್ಕೆ ಆಳವಿಲ್ಲ ಎನ್ನುವುದು ಸರಿಯಲ್ಲ. ಹೆಂಗಸರು ಎದುರುಬದುರು ಕೂತು ಗೆಳೆತನ ಮಾಡುತ್ತಾರೆ, ಗಂಡಸರು ಪಕ್ಕಪಕ್ಕ ನಿಂತು ಮಾಡುತ್ತಾರೆ ಎಂದು ಮನಶ್ಶಾಸ್ತ್ರಜ್ಞ ಪಾಲ್ ರೈಟ್ 1982ರಲ್ಲಿ ಹೇಳಿದ್ದರು. ಒಟ್ಟಿಗೆ ಗಾಡಿ ರಿಪೇರಿ ಮಾಡುವುದು, ಆಟ ನೋಡುವುದು, ಮಾತಿಲ್ಲದೆ ದೂರದ ದಾರಿ ಹೋಗುವುದು. ಇದೂ ಅಕ್ಕರೆಯೇ. ತೊಡಕು ಬರುವುದು ಆ ಕೆಲಸ ನಿಂತಾಗ. ಊರು ಬಿಟ್ಟರು, ಮದುವೆಯಾಯಿತು, ನಿವೃತ್ತಿ ಬಂತು. ಜೊತೆಗೆ ಮಾಡಲು ಏನೂ ಇಲ್ಲದಾಗ ಮಾತಾಡಲು ಕಲಿತಿರುವುದಿಲ್ಲ.

ಅಮೆರಿಕದ ಸಮೀಕ್ಷೆಗಳನ್ನು ನೋಡಿ. 1990ರಲ್ಲಿ ಶೇ. 55ರಷ್ಟು ಗಂಡಸರಿಗೆ ಆರು ಅಥವಾ ಹೆಚ್ಚು ಆಪ್ತ ಗೆಳೆಯರಿದ್ದರು. 2021ರ ಹೊತ್ತಿಗೆ ಅದು ಶೇ. 27ಕ್ಕೆ ಇಳಿಯಿತು. ಒಬ್ಬನೂ ಆಪ್ತನಿಲ್ಲ ಎಂದವರು ಶೇ. 3ರಿಂದ ಶೇ. 15ಕ್ಕೆ ಏರಿದರು. ಒಂಟಿತನ ಬರೀ ಬೇಸರದ ವಿಷಯವಲ್ಲ. 148 ಅಧ್ಯಯನಗಳನ್ನು, ಮೂರು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿ 2010ರಲ್ಲಿ ಮಾಡಿದ ವಿಶ್ಲೇಷಣೆಯ ಪ್ರಕಾರ, ಗಟ್ಟಿ ನಂಟುಗಳಿರುವವರು ಬದುಕುಳಿಯುವ ಸಾಧ್ಯತೆ ಸುಮಾರು ಶೇ. 50ರಷ್ಟು ಹೆಚ್ಚು. ಜಗತ್ತಿನಲ್ಲಿ ಆತ್ಮಹತ್ಯೆ ಮಾಡಿಕೊಳ್ಳುವ ಗಂಡಸರ ಪ್ರಮಾಣ ಹೆಂಗಸರ ಎರಡು ಪಟ್ಟಿಗೂ ಹೆಚ್ಚು. ಇದಕ್ಕೆಲ್ಲ ಅಪ್ಪುಗೆಯ ಕೊರತೆಯೇ ಕಾರಣ ಎಂದು ಯಾರೂ ಹೇಳಲಾಗದು. ಸಾಲ, ಕುಡಿತ, ಕಾಯಿಲೆ, ಹಲವು ಎಳೆಗಳಿವೆ. ಸಂಕಟ ಬಂದಾಗ ಹೇಳಿಕೊಳ್ಳಲು ಯಾರೂ ಇಲ್ಲದಿರುವುದು ಅವುಗಳಲ್ಲಿ ಒಂದು ಎಳೆ.

ಹೆಂಡತಿಯ ಮೇಲೂ ಇದರ ಭಾರ ಬೀಳುತ್ತದೆ. ಎಷ್ಟೋ ಗಂಡಸರಿಗೆ ಮೈ ಮುಟ್ಟಿ ಸಮಾಧಾನ ಹೇಳುವವರು ಅವಳೊಬ್ಬಳೇ. ಅವಳು ಹೋದ ಮೇಲೆ ವೈದ್ಯರು, ಕ್ಷೌರಿಕರು ಬಿಟ್ಟರೆ ಬೇರೆ ಯಾವ ಕೈಯೂ ಅವರನ್ನು ಮುಟ್ಟುವುದಿಲ್ಲ.

ಕೈ ಹಿಡಿದವರು ಸಲಿಂಗಪ್ರೇಮಿಗಳೇ?

ಇರಬಹುದು, ಇಲ್ಲದಿರಬಹುದು. ನೋಡಿ ಹೇಳಲು ಸಾಧ್ಯವಿಲ್ಲ. ಗೆಳೆತನದ ಅಕ್ಕರೆ, ರಕ್ತಸಂಬಂಧದ ಅಕ್ಕರೆ, ಪ್ರಣಯ ಮೂರೂ ಹೊರಗಿನಿಂದ ಒಂದೇ ಸನ್ನೆಯಲ್ಲಿ ಕಾಣಿಸಬಹುದು. ಮೂರರಲ್ಲಿ ಯಾವುದಾದರೂ ಸರಿ, ಅದರಿಂದ ಯಾರಿಗೂ ಕೆಡುಕಾಗುವುದಿಲ್ಲ. 'ಅವರು ಹಾಗಲ್ಲ, ಬರೀ ಗೆಳೆಯರು' ಎಂದು ಸಮಜಾಯಿಷಿ ಕೊಡುವಾಗಲೂ ಹಾಗಿರುವುದು ತಪ್ಪು ಎಂಬ ಮಾತು ಅದರೊಳಗೆ ಅಡಗಿ ಕೂತಿರುತ್ತದೆ.

ಎಲ್ಲರಿಗೂ ಸ್ಪರ್ಶ ಇಷ್ಟವಾಗುತ್ತದೆ ಎಂದೇನೂ ಇಲ್ಲ. ಕೆಲವರಿಗೆ ಅಪ್ಪುಗೆ ಕಿರಿಕಿರಿ. ಅಂಥವರನ್ನು ಬಲವಂತ ಮಾಡುವ ಅಗತ್ಯವಿಲ್ಲ. ಅಕ್ಕರೆಗೆ ಮಾತಿನ ದಾರಿಯೂ ಇದೆ, ಆದರೆ ಅಲ್ಲೂ ಗಂಡಸರು ಸುತ್ತುಬಳಸಿ ಬರುತ್ತಾರೆ. ನನ್ನ ಹಳೆಯ ಗೆಳೆಯನೊಬ್ಬ ಎರಡು ಮೂರು ತಿಂಗಳಿಗೊಮ್ಮೆ ಫೋನ್ ಮಾಡುತ್ತಾನೆ. "ಏನು ವಿಷಯ?" ಎಂದರೆ "ಏನಿಲ್ಲ, ಸುಮ್ನೆ ಮಾಡ್ದೆ" ಅನ್ನುತ್ತಾನೆ. ಇಪ್ಪತ್ತು ವರ್ಷದಿಂದ ಅದೇ ಮಾತು. ಆಮೇಲೆ ಮುಕ್ಕಾಲು ಗಂಟೆ ಇಬ್ಬರೂ ಫೋನ್ ಇಡುವುದಿಲ್ಲ. ಕಳೆದ ಸಲ ನಾನೇ ಮಾಡಿದೆ. "ಏನು ವಿಷಯ?" ಎಂದ. "ನಿನ್ನ ನೆನಪಾಯ್ತು" ಎಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿರಲಿಲ್ಲ. ಆಮೇಲೆ, "ನಂಗೂ ಕಣೋ" ಎಂದ.